ತಪ್ಪು ಹೊತ್ತ ಜಾಕು

ವಿಶ್ವೇಶ್ವರ ನಾಯ್ಕ ಎರಡು ವರ್ಷದಿಂದ ಒಂದೇ ಮಾತು ಹೇಳಿಕೊಂಡು ಬಂದಿದ್ದ. ಕಾರು ಎತ್ತುವ ಜಾಕು ಕೈಕೊಟ್ಟಿತು, ಅದಕ್ಕೇ ಸೊಂಟ ಹೋಯಿತು. ಸಿದ್ದಾಪುರದ ತನ್ನ ಗ್ಯಾರೇಜಿಗೆ ಕಾರು ತಂದವರಿಗೆಲ್ಲ ಹೇಳಿದ್ದ, ಆಸ್ಪತ್ರೆಯಲ್ಲಿ ಪಕ್ಕದ ಮಂಚದವರಿಗೆ ಹೇಳಿದ್ದ, ನೆಂಟರ ಮದುವೆಯ ಪಂಕ್ತಿಯಲ್ಲಿ ಕೂತು ಎರಡನೇ ಸಲ ಸಾರು ಬರುವುದರೊಳಗೆ ಹೇಳಿ ಮುಗಿಸಿದ್ದ. ಜಾಕು ಮಾತ್ರ ತಿರುಗಿ ಏನೂ ಹೇಳದೆ ಬಚ್ಚಲ ಹಿಂದಿನ ಸೌದೆ ಮಾಡಿನ ಕೆಳಗೆ ತುಕ್ಕು ಹಿಡಿಯುತ್ತ ಬಿದ್ದಿತ್ತು.

ಸೊಂಟ ಹೋದ ಮೇಲೆ ಕಾರಿನ ಕೆಳಗೆ ಹೋಗುವವಳು ಅವನ ಹೆಂಡತಿ ತನುಜಾ. ಮದುವೆಯಾದ ಲಾಗಾಯ್ತು ಗಂಡನಿಗೆ ಸ್ಪ್ಯಾನರ್ ಎತ್ತಿಕೊಡುತ್ತ ಕೊಡುತ್ತ, ಯಾವ ನಟ್ಟಿಗೆ ಯಾವ ನಂಬರು ಅಂತ ಅವನು ಕೇಳುವ ಮೊದಲೇ ಅವಳ ಕೈಗೆ ಗೊತ್ತಾಗಿಬಿಡುತ್ತಿತ್ತು. ಮೊದಮೊದಲು ಊರಿನವರು ನೋಡಿ ನಕ್ಕರು. ಆಮೇಲೆ ಬ್ರೇಕು ಸರಿಯಾಗಿ ಹಿಡಿಯತೊಡಗಿದ ಮೇಲೆ ನಗುವುದನ್ನು ಬಿಟ್ಟರು. ಬಿಡದೇ ಇದ್ದವನು ವಿಶ್ವೇಶ್ವರ ಒಬ್ಬನೇ, ಅವನು ಬಿಡದ್ದು ಅವಳ ಬೆನ್ನು. ಅವಳು ಯಾವ ಕಾರಿನ ಕೆಳಗೆ ನುಸುಳಿದರೂ ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತು, ಕಾರಿನ ಚಕ್ರವನ್ನೇ ದಿಟ್ಟಿಸುತ್ತಿದ್ದ. ಕೈಕೊಟ್ಟದ್ದು ಅಂಥದ್ದೇ ಅಂತ, ಚಕ್ರದ ಮೇಲೆ ಉರುಳುವ ಟ್ರಾಲಿ ಜಾಕನ್ನು ಮುಟ್ಟಲೂ ಬಿಡುತ್ತಿರಲಿಲ್ಲ. ಕಾರಿನ ಜೊತೆಗೇ ಬರುತ್ತದಲ್ಲ, ಸರಳು ಹಾಕಿ ತಿರುಗಿಸುವ ಪುಟ್ಟ ಜಾಕು, ಅದರಲ್ಲೇ ಎತ್ತಬೇಕು. ಒಂದು ಚಕ್ರ ಎತ್ತುವಷ್ಟರಲ್ಲಿ ತೋಳು ಬಿದ್ದುಹೋಗುತ್ತಿತ್ತು.

ಹೀಗಿರುವಾಗ ಯಲ್ಲಾಪುರದ ವೆಂಕಟ್ರಮಣ ಫೋನು ಮಾಡಿದ. ನಾಲ್ಕು ಟ್ಯಾಕ್ಸಿ ಇಟ್ಟುಕೊಂಡವನು. ಪ್ರತಿ ಬುಧವಾರ ನಾಲ್ಕೂ ಗಾಡಿ ಶೆಡ್ಡಿನಲ್ಲಿ ನಿಲ್ಲಿಸುತ್ತೇನೆ, ನೀವು ಇಲ್ಲಿಗೇ ಬಂದು ನೋಡಿಕೊಂಡು ಹೋಗುವುದಾದರೆ ವರ್ಷವಿಡೀ ಕೆಲಸ ನಿಮ್ಮದೇ ಅಂದ. ತನುಜಾಗೆ ಆ ಬುಧವಾರ ಬೇಕಿತ್ತು. ದುಡ್ಡಿಗಾಗಿ ಅಂತ ಗಂಡನ ಹತ್ತಿರ ಹೇಳಿದಳು. ಒಂದು ದಿನವಾದರೂ ಆ ಪ್ಲಾಸ್ಟಿಕ್ ಕುರ್ಚಿ ಪಕ್ಕದಲ್ಲಿ ಇಲ್ಲದೆ ಕೆಲಸ ಮಾಡಬೇಕು ಅನ್ನುವ ಆಸೆಯನ್ನು ಹೇಳಲಿಲ್ಲ.

ವಿಶ್ವೇಶ್ವರನಿಗೆ ತಮ್ಮ ಓಮ್ನಿ ವ್ಯಾನಿನಲ್ಲಿ ಅರ್ಧ ಗಂಟೆ ಕೂತರೆ ಸೊಂಟ ಹಿಡಿದುಕೊಳ್ಳುತ್ತಿತ್ತು. ಯಲ್ಲಾಪುರದವರೆಗೆ ಹೋಗಿ ಬರುವ ಮಾತೇ ಇಲ್ಲ. ಹಾಗಾಗಿ ಅವನು ಮೂರು ದಿನ ಮುಖ ಗಂಟಿಕ್ಕಿಕೊಂಡು ತಿರುಗಿ, ನಾಲ್ಕನೇ ದಿನ ತೀರ್ಪು ಕೊಟ್ಟ.

"ನಾ ನೋಡಿ ಒಪ್ಪಿದ ಜಾಕು ಸಿಕ್ರೆ ಹೋಗು. ಸಿಗದಿದ್ರೆ ಯಲ್ಲಾಪುರ ಇಲ್ಲ, ಬುಧವಾರವೂ ಇಲ್ಲ."

"ಎಂಥ ಜಾಕು ಒಪ್ತೀರಿ?"

"ಮೂರು ಟನ್ನಿಂದು. ಇದ್ದದ್ರಲ್ಲಿ ದೊಡ್ಡದು."

ಶನಿವಾರ ಶಿರಸಿಗೆ ಹೊರಟರು. ಹೊರಡುವ ಮೊದಲು ತನುಜಾ ಸೌದೆ ಮಾಡಿನ ಕೆಳಗಿಂದ ಹಳೆ ಜಾಕನ್ನು ಎಳೆದು ತಂದು, ಓಮ್ನಿಯ ಹಿಂದೆ ಹಾಕಿ ಗೋಣಿಚೀಲ ಮುಚ್ಚಿದಳು. ಗುಜರಿಗೆ ಕೊಟ್ಟು ಬಂದರಾಯಿತು ಅನ್ನುವುದು ಒಂದು. ಇನ್ನೊಂದು ಕಾರಣವನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಎರಡು ವರ್ಷದ ಹಿಂದೆ, ಆ ದಿನ ಬೆಳಿಗ್ಗೆ, ಮಿಲ್ಲಿಗೆ ಹೋಗಬೇಕಾದ ಎರಡು ಚೀಲ ಭತ್ತವನ್ನು ಓಮ್ನಿಗೆ ತುಂಬಿದವಳು ಅವಳು. ಜಾಗ ಸಾಲಲಿಲ್ಲ. ಎತ್ತಿದ ಕಾರಿಗೆ ಆಸರೆ ಕೊಡುವ ಕಬ್ಬಿಣದ ಸ್ಟ್ಯಾಂಡು ಎರಡನ್ನು ಇಳಿಸಿ ಬಾಗಿಲ ಹಿಂದೆ ಇಟ್ಟಳು. ಗಂಡನಿಗೆ ಹೇಳಬೇಕು ಅಂದುಕೊಂಡಳು. ಒಲೆಯ ಮೇಲೆ ಹಾಲು ಉಕ್ಕಿತು, ಒಳಗೆ ಓಡಿದಳು, ಮರೆತಳು. ವಿಶ್ವೇಶ್ವರ ಮಿಲ್ಲಿನಲ್ಲಿ ಭತ್ತ ಇಳಿಸಿ, ಅಲ್ಲಿಂದಲೇ ಹೆಗಡೆಕಟ್ಟಾದ ಒಂದು ಮನೆಗೆ ಬೊಲೆರೊ ರಿಪೇರಿಗೆ ಹೋದ. ಮಧ್ಯಾಹ್ನ ಫೋನು ಬಂತು. ಗಾಡಿ ಮೇಲೆ ಬಿದ್ದಿದೆ, ಆಸ್ಪತ್ರೆಗೆ ಬನ್ನಿ. ಎದ್ದು ಬಿದ್ದು ಓಡುವಾಗ ಬಾಗಿಲ ಹಿಂದೆ ಅವಳ ಕಾಲು ಎಡವಿದ್ದು ಅದೇ ಸ್ಟ್ಯಾಂಡಿಗೆ. ಹೆಬ್ಬೆರಳಿನ ಉಗುರು ಕಪ್ಪಾಗಿ ಬಿದ್ದುಹೋಗಿ ಹೊಸದು ಬಂತು. ಎದೆಯಲ್ಲಿ ಕೂತದ್ದು ಹೋಗಲಿಲ್ಲ. ಜಾಕು ಕೈಕೊಟ್ಟರೂ ಸ್ಟ್ಯಾಂಡು ಇದ್ದಿದ್ದರೆ ಗಾಡಿ ಅದರ ಮೇಲೆ ನಿಲ್ಲುತ್ತಿತ್ತು. ಇದು ಅವಳಿಗೆ ದಿನಾ ಒಮ್ಮೆಯಾದರೂ ನೆನಪಾಗುತ್ತಿತ್ತು. ಈ ಜಾಕು ಎತ್ತಲು ಯೋಗ್ಯವೇ ಅಲ್ಲದ ಮಾಲು ಅಂತ ತಿಳಿದವರು ಯಾರಾದರೂ ಒಂದು ಮಾತು ಹೇಳಿದರೆ ತನ್ನ ಪಾಲಿನ ತಪ್ಪು ಒಂದಿಷ್ಟು ಹಗುರವಾದೀತು ಅಂತ ಅವಳ ಲೆಕ್ಕ.

ಶಿರಸಿಯ ಅಂಗಡಿಯಾತ ಮಧುಕೇಶ್ವರ, ಬನವಾಸಿ ಕಡೆಯವನು. ಗ್ಯಾರೇಜಿನ ಸಾಮಾನು ಮಾರುತ್ತ ಕೂದಲು ನರೆಸಿಕೊಂಡವನು. ಮೆಟ್ಟಿಲು ಹತ್ತಲು ಕಷ್ಟಪಡುತ್ತಿದ್ದ ವಿಶ್ವೇಶ್ವರನನ್ನು ನೋಡಿ ತಾನೇ ಎದ್ದು ಸ್ಟೂಲು ತಂದಿಟ್ಟ.

"ಬರ್ರಿ, ಕುಂದರ್ರಿ. ಏನ್ ಬೇಕಾಗಿತ್ತು?"

"ಮೂರು ಟನ್ನಿಂದು ಟ್ರಾಲಿ ಜಾಕು," ಅಂದ ವಿಶ್ವೇಶ್ವರ.

"ಟನ್ನು ಆಮ್ಯಾಲ ಕೇಳೂಣ್ರಿ. ಕೆಲಸಾ ಮಾಡೋರು ಯಾರು?"

"ನಾನು," ಅಂದಳು ತನುಜಾ.

ಮಧುಕೇಶ್ವರ ಅವಳ ಕೈ ನೋಡಿದ. ಉಗುರಿನ ಸಂದಿಯಲ್ಲಿ ಗ್ರೀಸು ಇತ್ತು. ಮುಂದಿನ ಪ್ರಶ್ನೆಯನ್ನು ಅವಳಿಗೇ ಕೇಳಿದ. "ಹಂಗಾರ ಹೇಳ್ರಿ ಅಕ್ಕಾರ, ನೆಲಾ ಎಂಥಾದ್ದೈತಿ?"

ಎತ್ತುವ ಕಾರು ಯಾವುದು ಅಂತ ಕೇಳುತ್ತಾನೆ ಅಂದುಕೊಂಡಿದ್ದ ವಿಶ್ವೇಶ್ವರನಿಗೆ ಇದು ಅಧಿಕಪ್ರಸಂಗ ಅನ್ನಿಸಿತು. ತನುಜಾ ಯಲ್ಲಾಪುರದ ಕೆಲಸದ ವಿಷಯ ಹೇಳಿ, ಮೊಬೈಲು ತೆಗೆದು ವೆಂಕಟ್ರಮಣ ಕಳಿಸಿದ್ದ ಶೆಡ್ಡಿನ ಫೋಟೋ ತೋರಿಸಿದಳು. ಅರ್ಧ ಸಿಮೆಂಟು, ಅರ್ಧ ಮಣ್ಣು. ಮಧುಕೇಶ್ವರ ಒಂದು ಜಾಕನ್ನು ನೆಲಕ್ಕಿಳಿಸಿ ಹಿಡಿ ಒತ್ತುತ್ತ ತೋರಿಸಿಕೊಟ್ಟ. ಜಾಕಿನ ತೋಳು ನೆಟ್ಟಗೆ ಮೇಲೇಳುವುದಿಲ್ಲ, ಬಾಗಿ ಏಳುತ್ತದೆ. ಕಾರು ಮೇಲೇರುತ್ತ ಬಂದ ಹಾಗೆ ಜಾಕು ತಾನೇ ಒಂಚೂರು ಮುಂದಕ್ಕೆ ಉರುಳಬೇಕು. ಮಣ್ಣಿನಲ್ಲಿ ಚಕ್ರ ಹೂತುಕೊಂಡರೆ ಉರುಳುವುದಿಲ್ಲ, ಆಗ ಜಾಕಿನ ತಲೆಯ ಮೇಲೆ ಕಾರು ಕೂರುವ ಬಟ್ಟಲಿನಿಂದ ಕಾರೇ ಜಾರುತ್ತದೆ.

"ಅದಕ್ಕ ಸಿಮೆಂಟಿನ ಮ್ಯಾಲ ಎತ್ತೂದು. ಇಲ್ಲಾಂದ್ರ ಮತ್ತಿ ಮರದ ಹಲಗಿ ಒಂದು ದಪ್ಪಂದು ಅಡಿಗೆ ಹಾಕ್ಕೊಳ್ರಿ. ಯಲ್ಲಾಪುರದಾಗ ಹಲಗಿಗೇನು ಕಡಿಮಿ?"

ಅವನು ಮೂರು ಜಾಕು ತೋರಿಸಿದ. ಒಂದು ಪೆಟ್ಟಿಗೆಯಲ್ಲಿ ಬರುವ ಹಗುರದ್ದು, ಮಕ್ಕಳ ಆಟಿಕೆಯ ಹಾಗೆ ಕೆಂಪಗಿತ್ತು. ಎಳೆದರೆ ಎರಡು ಬೆರಳಿಗೆ ಬರುತ್ತಿತ್ತು, ಆದರೆ ಬೊಲೆರೊದ ಚಕ್ರ ನೆಲ ಬಿಡುವಷ್ಟು ಏರುತ್ತಿರಲಿಲ್ಲ. ಇನ್ನೊಂದು ವಿಶ್ವೇಶ್ವರನ ಕನಸಿನ ಮೂರು ಟನ್ನಿನದು. ತನುಜಾ ಅದರ ಹಿಡಿ ಹಿಡಿದು ಎತ್ತಿ ನೋಡಿದಳು, ಮೊಣಕಾಲಿನ ಮೇಲಕ್ಕೆ ಬರಲಿಲ್ಲ. ಓಮ್ನಿಗೆ ಹತ್ತಿಸಲು ಒಬ್ಬ ಗಂಡಸು, ಇಳಿಸಲು ಇನ್ನೊಬ್ಬ ಗಂಡಸು ಬೇಕು. ಜೊತೆಗೆ ಅದರ ಮೂತಿ ಎತ್ತರ, ವೆಂಕಟ್ರಮಣನ ತಗ್ಗು ಟ್ಯಾಕ್ಸಿಗಳ ಅಡಿಗೆ ನುಸುಳುವುದೇ ಇಲ್ಲ. ಮೂರನೆಯದು ಎರಡೂವರೆ ಟನ್ನಿನದು, ಉದ್ದ ಮೈ, ತಗ್ಗು ಮೂತಿ, ಅಗಲ ಚಕ್ರ. ಭಾರವೇ, ಆದರೆ ಒಂದು ತುದಿ ಮೊದಲು, ಇನ್ನೊಂದು ತುದಿ ಆಮೇಲೆ ಅಂತ ಅವಳೊಬ್ಬಳೇ ಗಾಡಿಗೆ ಹತ್ತಿಸಬಹುದು.

"ಇದು," ಅಂದಳು ತನುಜಾ.

"ಮೂರು ಟನ್ನಿಂದೇ ಇರಲಿ," ಅಂದ ವಿಶ್ವೇಶ್ವರ. "ಸಣ್ಣ ಜಾಕಿನ ಹಣೆಬರಹ ನಂಗೆ ಗೊತ್ತಿದ್ದು. ನನ್ನ ಸೊಂಟ ಮುರಿದದ್ದು ಅದೇ."

"ಹೌದನ್ರಿ? ಏನಾಗಿತ್ರಿ ಆ ಜಾಕಿಗೆ?" ಮಧುಕೇಶ್ವರನಿಗೆ ನಿಜವಾಗಿಯೂ ಕುತೂಹಲ ಹುಟ್ಟಿತು.

"ತನ್ನಷ್ಟಕ್ಕೆ ಇಳಿದುಹೋಯ್ತು."

"ಹಳೇದು ತಂದಿದ್ದೆ," ಅಂದಳು ತನುಜಾ. "ನೋಡ್ತೀರಾ?"

ವಿಶ್ವೇಶ್ವರ ಹೆಂಡತಿಯನ್ನು ತಿರುಗಿ ನೋಡಿದ. ಆ ನೋಟದಲ್ಲಿ ಸಿಟ್ಟು ಇರಬಹುದು ಅಂದುಕೊಂಡಿದ್ದಳು. ಇದ್ದದ್ದು ಗಾಬರಿ. ಯಾಕೆ ಅಂತ ಅವಳಿಗೆ ಆಗ ತಿಳಿಯಲಿಲ್ಲ.

ಮಧುಕೇಶ್ವರ ಹಳೆ ಜಾಕಿನ ತುಕ್ಕು ಒರೆಸಿದ, ಎಣ್ಣೆ ತುಂಬಿದ, ಹಿಡಿ ಹಾಕಿ ನಾಲ್ಕು ಸಲ ಒತ್ತಿ ಗಾಳಿ ಬಿಟ್ಟ. ಅಂಗಡಿಯ ಮುಂದಿನ ಸಿಮೆಂಟಿನ ಮೇಲೆ ಓಮ್ನಿಯನ್ನೇ ನಿಲ್ಲಿಸಿ, ಹಿಂದಿನ ಒಂದು ಬದಿ ಎತ್ತಿದ. ಚಕ್ರದ ಪಕ್ಕದಲ್ಲಿ ಒಂದು ಕಡ್ಡಿ ನಿಲ್ಲಿಸಿ ಸೀಮೆಸುಣ್ಣದಲ್ಲಿ ಗುರುತು ಹಾಕಿದ. ಚಹಾ ತರಿಸಿದ. ಚಹಾ ಕುಡಿದರು. ಗಿರಾಕಿಗಳು ಬಂದರು, ಬೋಲ್ಟು ತಗೊಂಡರು, ಹೋದರು. ಮುಕ್ಕಾಲು ಗಂಟೆಯಾದ ಮೇಲೆ ಅವನು ಕೂತು ಗುರುತು ನೋಡಿದ.

"ಒಂದ್ ಉಗುರಿನಷ್ಟು ಇಳದೈತಿ. ಅಷ್ಟು ಎಲ್ಲಾ ಜಾಕೂ ಇಳೀತಾವು. ಇದು ಕೆಟ್ಟಿಲ್ಲ ಬಿಡ್ರಿ, ಇನ್ನೂ ಹತ್ತು ವರ್ಷ ಎತ್ತತೈತಿ." ಎದ್ದು ಕೈ ಒರೆಸಿಕೊಂಡ. "ಆದ್ರ ಜಾಕ್ ಇರೋದು ಎತ್ತಾಕ, ಹಿಡ್ಕೊಂಡ್ ನಿಂದ್ರಾಕ ಅಲ್ಲ. ಕೆಳಗ ಹೋಗೂವಾಗ ಸ್ಟ್ಯಾಂಡ್ ಇಡಬೇಕಲ್ರಿ. ಅವತ್ತು ಸ್ಟ್ಯಾಂಡ್ ಇಟ್ಟಿದ್ದಿಲ್ಲೇನು?"

ವಿಶ್ವೇಶ್ವರ ಗೋಡೆಗೆ ನೇತುಹಾಕಿದ ಫ್ಯಾನ್ ಬೆಲ್ಟುಗಳನ್ನು ಒಂದೊಂದಾಗಿ ನೋಡತೊಡಗಿದ. ತಪ್ಪು ಹಗುರ ಮಾಡಿಕೊಳ್ಳಲು ಬಂದವಳ ಮೇಲೆ ಪೂರ್ತಿ ಹೊರೆಯೇ ಬಂದು ಕೂತಿತ್ತು. ಜಾಕು ಚೆನ್ನಾಗಿದೆ. ಹಾಗಾದರೆ ಇದ್ದ ತಪ್ಪು ಒಂದೇ, ಆ ಬಾಗಿಲ ಹಿಂದಿನದು.

ಅವಳು ಎರಡೂವರೆ ಟನ್ನಿನ ಜಾಕನ್ನು ಕೊಂಡಳು. ಜೊತೆಗೆ ಇನ್ನೂ ಒಂದು ಜೊತೆ ಸ್ಟ್ಯಾಂಡು ಕೊಂಡಳು. ಮೂರು ಟನ್ನಿನದರ ಬಗ್ಗೆ ವಿಶ್ವೇಶ್ವರ ಮತ್ತೆ ತುಟಿ ಬಿಚ್ಚಲಿಲ್ಲ. ಹಳೆಯದನ್ನು ಗುಜರಿ ಬೆಲೆಗೆ ಬಿಟ್ಟು ಹೋಗುತ್ತೀರೇನು ಅಂತ ಮಧುಕೇಶ್ವರ ಕೇಳಿದಾಗ ಅವಳು ಬೇಡ ಅಂದು ಅದನ್ನೂ ಓಮ್ನಿಗೆ ಹಾಕಿದಳು.

ಕಾನಸೂರಿನ ಹತ್ತಿರ ಬರುವಾಗ ವಿಶ್ವೇಶ್ವರ ಸೀಟಿನಲ್ಲಿ ಮಿಸುಕಾಡತೊಡಗಿದ. ತನುಜಾ ರಸ್ತೆ ಬದಿಗೆ ನಿಲ್ಲಿಸಿದಳು. ಅವನು ಇಳಿದು, ಓಮ್ನಿಗೆ ಕೈಯೂರಿ ಕಾಲು ನೀಡಿದ. ಒಂದು ಬಸ್ಸು ಹೋಯಿತು. ಅದರ ಧೂಳು ಇಳಿಯುವವರೆಗೆ ಕಾದು, ರಸ್ತೆಯ ಆಚೆ ನೋಡುತ್ತ ಅಂದ.

"ಆ ದಿನ ಜಾಕು ಆಚೆ ಬದಿಗೆ ಇತ್ತು."

"ಯಾವ ಆಚೆ ಬದಿ?"

"ಗಾಡಿಯ ಎಡಬದಿ. ಬಲಬದಿ ಎತ್ತಿ, ಅಡಿಗೆ ಕಲ್ಲು ಕೊಟ್ಟು, ಜಾಕು ಎಳ್ಕಂಡು ಆಚೆ ಇಟ್ಟಿದ್ದೆ. ಬಿದ್ದದ್ದು ಬಲಬದಿ."

"ಕಲ್ಲು ಅಂದ್ರೆ?"

"ಚಿರೇಕಲ್ಲು. ಒಂದರ ಮೇಲೊಂದು ಎರಡು. ಅವರ ಮನೆ ಹಿಂದೆ ಹೊಸ ಕೋಣೆ ಕಟ್ಟೂಕೆ ಹೇರಿಸಿದ್ರು."

ಕೆಂಪು ಜಂಬಿಟ್ಟಿಗೆಯ ಈ ಚಿರೇಕಲ್ಲು ಏನು ಅಂತ ತನುಜಾಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಈ ಸೀಮೆಯಲ್ಲಿ ಮನೆ ಅದರದು, ಬಾವಿಕಟ್ಟೆ ಅದರದು, ಅಂಗಳದ ಮೆಟ್ಟಿಲು ಅದರದು. ಮನೆಯನ್ನೇ ಹೊತ್ತ ಕಲ್ಲು ಕಾರು ಹೊರುವುದಿಲ್ಲವೇ ಅಂತ ಚಕ್ರ ಬಿಚ್ಚುವವರೆಲ್ಲ ಅದನ್ನೇ ಆಸರೆಗೆ ಕೊಡುತ್ತಾರೆ. ಆದರೆ ಹೊಸತಾಗಿ ಕಡಿದ ಕಲ್ಲು ಮೆತ್ತಗೆ, ಬಿಸಿಲಲ್ಲಿ ಒಣಗಿದರೇ ಅದಕ್ಕೆ ಜೀವ. ಗೋಡೆಯಾದರೆ ಕಲ್ಲಿನ ಇಡೀ ಮೈಮೇಲೆ ಕೂರುತ್ತದೆ, ಕಾರು ಅಂಗೈಯಗಲದ ಜಾಗದಲ್ಲಿ ಒತ್ತುತ್ತದೆ. ಅದರಲ್ಲೂ ಅದು ಮಳೆಗಾಲ ಮುಗಿದ ಹೊಸತು, ರಾಶಿ ಹಾಕಿದ ಕಲ್ಲು ನೀರು ಕುಡಿದು ಕೂತಿತ್ತು. ಆ ದಿನ ಬಿಗಿಯಾದ ಒಂದು ನಟ್ಟನ್ನು ವಿಶ್ವೇಶ್ವರ ಕೆಳಗಿನಿಂದ ಜಗ್ಗಿದ. ಕಲ್ಲು ಪುಡಿಯಾಯಿತು. ಆ ಮನೆಯವರೂ ಈ ವಿಷಯ ಬಾಯಿಬಿಡಲಿಲ್ಲ, ಯಾಕೆಂದರೆ ಕಲ್ಲು ಅವರದ್ದು.

"ಸ್ಟ್ಯಾಂಡು ಇರಲಿಲ್ಲ," ಅಂದಳು ತನುಜಾ. ಎರಡು ವರ್ಷದಲ್ಲಿ ಮೊದಲ ಸಲ ಅದು ಅವಳ ಬಾಯಿಂದ ಹೊರಗೆ ಬಂತು. "ನಾ ಇಳಿಸಿದ್ದೆ. ಭತ್ತಕ್ಕೆ ಜಾಗ ಸಾಲಲಿಲ್ಲ ಹೇಳಿ. ನಿಮಗೆ ಹೇಳೂದು ಮರ್ತೆ."

"ಗೊತ್ತಿತ್ತು."

"ಎಂತ ಗೊತ್ತಿತ್ತು?"

"ಸ್ಟ್ಯಾಂಡು ಇಲ್ಲ ಹೇಳಿ. ಮಿಲ್ಲಲ್ಲಿ ಚೀಲ ಇಳಿಸುವಾಗಲೇ ನೋಡ್ದೆ. ತಿರುಗಿ ಮನೆಗೆ ಬಂದಿದ್ರೆ ಹತ್ತು ನಿಮಿಷ. ಹೆಗಡೆಕಟ್ಟಾದಲ್ಲಿ ಕಲ್ಲಿಗೆ ಎಂತ ಬರ ಅಂದ್ಕಂಡು ಹೋದೆ."

ತನುಜಾಗೆ ಮೊದಲು ಬಂದದ್ದು ಸಮಾಧಾನವಲ್ಲ, ಸಿಟ್ಟು. ಅಂಥ ಸಿಟ್ಟು ಅವಳಿಗೆ ಮದುವೆಯಾದ ಮೇಲೆ ಬಂದಿರಲಿಲ್ಲ. ಹತ್ತು ನಿಮಿಷ. ರಾತ್ರಿ ಎಚ್ಚರವಾಗಿ ಅವನ ನರಳಾಟ ಕೇಳಿಸಿಕೊಂಡದ್ದು, ಹಾಲು ಉಕ್ಕಿದಾಗಲೆಲ್ಲ ಬಾಗಿಲ ಹಿಂದೆ ಹೋಗಿ ನೋಡಿದ್ದು, ಅವನು ಕುರ್ಚಿ ಹಾಕಿಸಿಕೊಂಡು ಕೂತಾಗ ಇದು ನನಗೆ ಆಗಬೇಕಾದದ್ದೇ ಅಂತ ಬಾಯಿ ಮುಚ್ಚಿಕೊಂಡದ್ದು, ಎಲ್ಲ ಆ ಹತ್ತು ನಿಮಿಷದ ಬಡ್ಡಿ.

"ಎರಡು ವರ್ಷ ನಾ ಎಂತ ಅಂದ್ಕಂಡು ಬದುಕಿದ್ದೆ ಗೊತ್ತಿದ್ದಾ ನಿಮಗೆ?"

ಅವನಿಗೆ ಗೊತ್ತಿರಲಿಲ್ಲ. ಈಗ ಅವಳ ಮುಖ ನೋಡಿ ಗೊತ್ತಾಯಿತು. "ನೀ ಮರ್ತುಬಿಟ್ಟಿದ್ದೆ ಅಂದ್ಕಂಡಿದ್ದೆ," ಅಂದ. "ಒಂದ್ ಮಾತು ಕೇಳಿದ್ರೆ ಹೇಳ್ತಿದ್ದೆ."

"ನೀವು ಊರೆಲ್ಲ ಜಾಕು ಜಾಕು ಅಂತಿದ್ರಿ. ನಾ ಎಂತ ಕೇಳೂದು?"

"ಇಪ್ಪತ್ತೈದು ವರ್ಷ ಮೆಕ್ಯಾನಿಕ್ ಅನ್ನಿಸ್ಕಂಡವ ಹಸಿ ಕಲ್ಲಿಟ್ಟು ಕೆಳಗೆ ಹೋದ ಅಂದ್ರೆ ಮರ್ಯಾದೆ ಎಲ್ಲಿ ಉಳೀತದೆ?"

"ನಿಮ್ಮ ಮರ್ಯಾದೆ ಹೊತ್ತದ್ದು ಜಾಕು ಒಂದೇ ಅಲ್ಲ," ಅಂದಳು ತನುಜಾ. "ನಾನೂ ಹೊತ್ತಿದ್ದೆ."

ಇನ್ನೊಂದು ಬಸ್ಸು ಹೋಯಿತು. ವಿಶ್ವೇಶ್ವರನ ಕಣ್ಣು ತುಂಬಿತ್ತು. ಅವಳಿಗೆ ಅದು ಕಂಡಿತು, ಕಂಡರೂ ಕರಗಲಿಲ್ಲ. ಗಾಡಿ ಹತ್ತಿ ಸ್ಟಾರ್ಟ್ ಮಾಡಿದಳು. ಅವನು ನಿಧಾನಕ್ಕೆ ಹತ್ತಿ ಕೂರುವವರೆಗೆ ಕಾದಳು, ಬಾಗಿಲು ಸರಿಯಾಗಿ ಹಾಕಿದೆಯೋ ಅಂತ ಬಗ್ಗಿ ನೋಡಿದಳು. ಮನೆಯಲ್ಲಿ ಮೂರು ದಿನ ಊಟಕ್ಕೆ ಬನ್ನಿ, ಗುಳಿಗೆ ತಗೊಳ್ಳಿ, ಇಷ್ಟೇ ಮಾತು. ಹಳೆ ಜಾಕನ್ನು ಅವಳು ಸೌದೆ ಮಾಡಿಗೆ ತಿರುಗಿ ಹಾಕಲಿಲ್ಲ, ಗ್ಯಾರೇಜಿನ ನಡುವೆ, ಅವನ ಕುರ್ಚಿಯ ಕಾಲಬುಡದಲ್ಲಿ ತಂದಿಟ್ಟಳು. ಸೋಮವಾರ ಒಬ್ಬ ಗಿರಾಕಿ ಬಂದವನು, "ಇದೇ ಅಲ್ಲನ ಕೈಕೊಟ್ಟ ಜಾಕು?" ಅಂತ ಕೇಳಿದ. ಅವಳು ಒಳಗಿನಿಂದ ಕಿವಿಗೊಟ್ಟು ಕೇಳಿದಳು.

"ಅದು ಸರಿ ಇದ್ದು ಮಾರಾಯ," ಅಂದ ವಿಶ್ವೇಶ್ವರ. "ತಪ್ಪು ನಂದು. ಚಿರೇಕಲ್ಲು ಇಟ್ಟು ಕೆಳಗೆ ಹೋಗಿದ್ದೆ."

ಗಿರಾಕಿ ನಗಲಿಲ್ಲ. "ನಾವೂ ಅದನ್ನೇ ಇಡೂದು," ಅಂತ ಸಣ್ಣ ದನಿಯಲ್ಲಿ ಅಂದು ಹೋದ.

ಬುಧವಾರ ಬೆಳಿಗ್ಗೆ ತನುಜಾ ಎದ್ದು ಬರುವಷ್ಟರಲ್ಲಿ ಓಮ್ನಿಯ ಹಿಂಬಾಗಿಲು ತೆರೆದಿತ್ತು. ನಾಲ್ಕು ಸ್ಟ್ಯಾಂಡೂ ಒಳಗಿದ್ದವು. ಸೊಂಟ ಬಗ್ಗದವನು ಒಂದೊಂದನ್ನೇ ಹೇಗೆ ತಂದಿಟ್ಟನೋ, ಮೈಯೆಲ್ಲ ಬೆವರಿ ಗೋಡೆಗೆ ಒರಗಿ ನಿಂತಿದ್ದ. ಒಂದು ಹಲಗೆಯನ್ನೂ ಹುಡುಕಿ ಹಾಕಿದ್ದ.

"ನಾಲ್ಕೂ ಇದ್ದು," ಅಂದ.

ಅವಳು ತಾನೂ ಒಮ್ಮೆ ಎಣಿಸಿ ನೋಡಿ, ಬಾಗಿಲು ಹಾಕಿ, ಹೊರಟಳು.

ಯಲ್ಲಾಪುರದ ಶೆಡ್ಡಿನಲ್ಲಿ ವೆಂಕಟ್ರಮಣ ಇರಲಿಲ್ಲ, ಚಿರಂತನ ಅನ್ನುವ ಡ್ರೈವರ್ ಕಾಯುತ್ತಿದ್ದ. ಸಾಮಾನು ಇಳಿಸಲು ಕೈಹಾಕಲು ಬಂದ. ಬೇಡ ಅಂದಳು. ಹೊಸ ಜಾಕನ್ನು ಒಂದು ತುದಿ ಮೊದಲು, ಇನ್ನೊಂದು ತುದಿ ಆಮೇಲೆ ಅಂತ ಇಳಿಸಿ, ಸಿಮೆಂಟಿನ ಮೇಲೆ ಎಳೆದುಕೊಂಡು ಮೊದಲ ಟ್ಯಾಕ್ಸಿಯ ಅಡಿಗೆ ನೂಕಿದಳು. ಮೂತಿ ಸಲೀಸಾಗಿ ಒಳಗೆ ಹೋಯಿತು. ಹಿಡಿ ಒತ್ತಿದಳು. ಕಾರು ಏಳುತ್ತ ಹೋದ ಹಾಗೆ ಜಾಕು ಸದ್ದಿಲ್ಲದೆ ಒಂಚೂರು ಮುಂದೆ ಉರುಳಿತು, ಮಧುಕೇಶ್ವರ ಹೇಳಿದಂತೆಯೇ. ತಿರುಗಿ ನೋಡಿದರೆ ಚಿರಂತನ ಶೆಡ್ಡಿನ ಹಿಂದಿನಿಂದ ಏದುಸಿರು ಬಿಡುತ್ತ ಎರಡು ಚಿರೇಕಲ್ಲು ಹೊತ್ತು ತಂದು ಅವಳ ಪಕ್ಕದಲ್ಲಿ ಇಳಿಸುತ್ತಿದ್ದ.

"ಆಸರೆಗೆ ಇರಲಿ ಅಕ್ಕ. ಒಬ್ಬರೇ ಬಂದಿದ್ದೀರಿ ಹೇಳಿ."

ಅವಳು ಕಲ್ಲನ್ನು ನೋಡಿದಳು. ಕೆಂಪಗೆ, ತೂತುತೂತಾಗಿ, ಒಂದು ಮೂಲೆ ಹಸಿಯಾಗಿತ್ತು. ಅವನನ್ನು ಬೈಯಲಿಲ್ಲ. ಎರಡನ್ನೂ ಕಾರಿನಿಂದ ದೂರ, ಗೋಡೆಯ ಹತ್ತಿರ ಒಂದರ ಮೇಲೊಂದು ಇಡಿಸಿದಳು. ಆಮೇಲೆ ಸ್ಟ್ಯಾಂಡು ಕೊಟ್ಟು, ಕಾರನ್ನು ಅಲುಗಾಡಿಸಿ ನೋಡಿ, ಕೆಳಗೆ ಹೋದಳು. ಪಕ್ಕದಲ್ಲಿ ಯಾರೂ ಕೂತಿರಲಿಲ್ಲ. ಮೊದಲ ಐದು ನಿಮಿಷ ಅದು ವಿಚಿತ್ರವೆನ್ನಿಸಿತು, ಆಮೇಲೆ ಕೆಲಸ ಹಿಡಿಯಿತು.

ಎರಡು ಗಾಡಿ ಮುಗಿಯುವಾಗ ಹೊತ್ತು ಏರಿತ್ತು. ಕೈ ತೊಳೆದು, ಗೋಡೆಯ ಹತ್ತಿರ ಹೋಗಿ, ಬುತ್ತಿ ಬಿಚ್ಚಿದಳು. ಬೆಳಗಿನಿಂದ ಫೋನು ಬಂದಿರಲಿಲ್ಲ. ಮಾಡಬಾರದು ಅಂತ ಅವನು ಎಷ್ಟು ಕಷ್ಟಪಟ್ಟು ಕೂತಿರಬೇಕು ಅಂತ ಅವಳಿಗೆ ಗೊತ್ತು. ತಾನೇ ಮಾಡಿದಳು. ಮೊದಲ ರಿಂಗಿಗೇ ಎತ್ತಿದ.

"ಇಲ್ಲಿ ಆಸರೆಗೆ ಇಡಿ ಹೇಳಿ ಚಿರೇಕಲ್ಲು ತಂದುಕೊಟ್ರು," ಅಂದಳು.

ಆಚೆ ಕಡೆ ಪ್ಲಾಸ್ಟಿಕ್ ಕುರ್ಚಿ ಸರಿದ ಸದ್ದಾಯಿತು. "ನೀ ಎಂತ ಮಾಡ್ದೆ?"

"ಅದರ ಮೇಲೆ ಕೂತ್ಕಂಡು ಊಟ ಮಾಡ್ತಾ ಇದ್ದೇನೆ. ನಿಮ್ಮ ಊಟ ಆಯ್ತಾ?"